ಗಂಗಮ್ಮನ ಛತ್ರದ ಮೂರನೇ ಕೂಗು

ಕೊಟ್ರಪ್ಪ ಕೆರೆ ಕಡೆ ಬಸ್‌ಸ್ಟಾಪಿನಿಂದ ಒಬ್ಬನೇ ವಾಪಸ್ ಬರ್ತಿದ್ದ. ಆಲದಮರದ ಹತ್ರ ಬೀದಿದೀಪ ಒಂದೂ ಉರೀತಿರಲಿಲ್ಲ. ಕಾಲಡಿ ತರಗೆಲೆ... ಚರ್... ಚರ್... ತನ್ನದೇ ಹೆಜ್ಜೆ ಅಂತ ಗೊತ್ತಿದ್ರೂ ನಿಂತು ತಿರುಗಿ ನೋಡ್ದ. ಸದ್ದೂ ನಿಂತಿತು.

ನಗಬೇಡ್ರೇ. ಕಟ್ಟಿದ ಕತೆ ಅಲ್ಲ ಇದು. ನಮ್ಮ ವಠಾರದ ಕೊನೇ ರೂಮಿನಲ್ಲಿದಾನಲ್ಲ, ಕೂಡ್ಲಿಗಿ ಕಡೆಯೋನು, ಅವನಿಗೇ ಆಗಿದ್ದು.

ಅವನು ಆಗ ವರ್ತೂರಿನ ಹಳೇಪೇಟೆ ಬೀದಿಯ ಪಾರ್ಕಿಂಗ್‌ಗೆ ವಾಚ್‌ಮನ್. ಲೋಕಕ್ಕೆ ಪಾರ್ಕಿಂಗು, ನನ್ನ ನಾಲಿಗೆಗೆ ಈಗಲೂ ಅದು ಗಂಗಮ್ಮನ ಛತ್ರ. ಎಳೇ ವಯಸ್ಸಿಗೇ ಗಂಡನ್ನ ಕಳ್ಕೊಂಡ ಆ ತಾಯಿ ಮೈಮೇಲಿನ ಚಿನ್ನ ಮಾರಿ ಕಟ್ಟಿಸಿದ್ದು. ಕಲ್ಲಿನ ಕಂಬ, ಮದ್ರಾಸ್ ತಾರಸಿ, ಹಿತ್ತಲಲ್ಲಿ ಸಿಹಿನೀರ ಬಾವಿ. ಸಂತೆಗೆ ಬಂದೋರು, ಬಸುರಿ ಬಾಣಂತಿ, ಯಾರು ಬೇಕಾದ್ರೂ ಮಲಗಬಹುದಿತ್ತು. ರಾತ್ರಿ ಗಂಗಮ್ಮ ಬೀದಿಗೆ ಬಂದು ಮೂರು ಸಲ ಕೂಗ್ತಿದ್ಲಂತೆ: "ಉಂಡಿಲ್ದೋರು ಯಾರಾದ್ರೂ ಇದ್ದೀರಾ?" ಮೂರು ಕೂಗಿಗೂ ಯಾರೂ ಓಗೊಡದಿದ್ರೆ ಆಮೇಲೆ ತಾನು ತುತ್ತು ಎತ್ತೋದು. ಅವಳು ಹೋದಮೇಲೂ ಛತ್ರದೋರು ಆ ಕೂಗು ಬಿಡಲಿಲ್ಲ. ನಾನೇ ಹುಡುಗಿಯಾಗಿದ್ದಾಗ ಕೇಳಿದೀನಿ.

ಅದೇ ವಂಶದ ನಂದೀಶ ಒಂದು ಬೆಳಗ್ಗೆ ಜೆಸಿಬಿ ತಂದು ಬೀಳಿಸ್ದ. ಕಂಬಗಳು ಯಾವುದೋ ರೆಸಾರ್ಟಿಗೆ ಹೋದ್ವು. ಗೋಡೆ ಮಣ್ಣು ಬಾವಿಗೆ ಹೋಯ್ತು. ಅಲ್ಲಿ ಬೇರೆ ಏನಾದ್ರೂ ಕಟ್ಟಿದನಾ? "ರೇಟು ಏರ್ಲಿ ಬಿಡಜ್ಜಿ," ಅಂದ. ಅಲ್ಲೀವರೆಗೂ ಸಿಮೆಂಟು ಬಳಿದು ಕಾರು ನಿಲ್ಸೋದು. ಅವನನ್ನ ನೋಡಿ ಪಕ್ಕದೋರು ಚಾವಡಿ ಕೆಡವಿದ್ರು, ಎದುರಿನೋರು ಗಾಣದ ಮನೆ ಕೆಡವಿ ತಗಡಿನ ಬೇಲಿ ಹೊಡೆದ್ರು. ಈಗ ಆ ಬೀದಿಗೆ ನನ್ನ ಬಾಯಿಗಿಂತ ಹಲ್ಲು ಕಮ್ಮಿ.

ಆವತ್ತು ಕೊಟ್ರಪ್ಪನ ಹೆಂಡ್ತಿ ಶಿವಗಂಗಾ ಊರಿಂದ ಬಂದಿಳಿದ್ಲು. ದಾರೀಲಿ ಬಸ್ಸು ಕೆಟ್ಟು ರಾತ್ರಿಯಾಗಿತ್ತು. ಬಗಲಲ್ಲಿ ಮಗಳು ಭುವನೇಶ್ವರಿ, ಮಗೂಗೆ ಒಂದೇ ಸಮ ಕೆಮ್ಮು. ಬಾಡಿಗೆಗೆ ಹಿಡಿದ ರೂಮು ಖಾಲಿಯಾಗೋದು ಮಾರನೇ ದಿನ. ಕೊಟ್ರಪ್ಪ ನಂದೀಶನಿಗೆ ಫೋನ್ ಹಚ್ಚಿ ಬೇಡ್ಕೊಂಡ. "ಸಾರ್, ಒಂದ್ ರಾತ್ರಿ ರೀ. ಶೆಡ್ಡಿನ ಮೂಲ್ಯಾಗ ಮಕ್ಕೊಂತಾರ."

"ಇದೇನ್ ಛತ್ರ ಅಂದ್ಕೊಂಡಿದ್ದೀಯೇನೋ?" ಅಂದ ನಂದೀಶ. ಯಾವ ಜಾಗಕ್ಕೆ ಯಾವ ಮಾತು ನೋಡ್ರೇ! "ಮೊಬೈಲಲ್ಲಿ ಕ್ಯಾಮೆರಾ ನೋಡ್ತಿರ್ತೀನಿ. ಒಳಗೆ ಯಾರಾದ್ರೂ ಕಂಡ್ರೆ ನಾಳೆಯಿಂದ ನೀನೂ ಬರ್ಬೇಡ."

ಗೇಟಿನಾಚೆ ನಿಂತ ಶಿವಗಂಗಾಗೆ ಎಲ್ಲ ಕೇಳಿಸ್ತು.

"ಕೆಲ್ಸ ಹೋದ್ರ ರೂಮಿಗೆ ಬಾಡಿಗಿ ಎಲ್ಲಿಂದ ಕೊಡೂದು?" ಅಂದ ಕೊಟ್ರಪ್ಪ, ಮುಖ ಎತ್ತದೆ.

"ನೀ ಕಾರು ಕಾಯಪಾ," ಅಂದ್ಲು ಅವಳು. "ನಮ್ಮನ್ನ ಯಾರ್ ಕದೀತಾರ?"

ಇಬ್ಬರನ್ನೂ ಬಸ್‌ಸ್ಟಾಪಿಗೆ ಕರ್ಕೊಂಡು ಹೋಗಿ, ತನ್ನ ಕಂಬಳಿ ಹಾಸಿ ಕೂರಿಸಿ ಬಂದ. ಹೋಟೆಲೆಲ್ಲ ಮುಚ್ಚಿದ್ವು. ಮೂವರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ.

ಆಲದಮರ ದಾಟಿ ಬಂದು, ಗೇಟಿನೊಳಗೆ ಸೇರಿ ಸರಪಳಿ ಸುತ್ತಿ ಬೀಗ ಹಾಕ್ದ. ಆಗ...

"ಉಂಡಿಲ್ದೋರು ಯಾರಾದ್ರೂ ಇದ್ದೀರಾ?"

ಮುದುಕಿ ದನಿ. ಕಾರುಗಳ ಸಾಲಿನೊಳಗಿಂದ.

ಅವರ ಕಡೇಲೂ ನಮ್ಮ ಕಡೇಲೂ ಹಿರಿಯರು ಹೇಳೋದು ಒಂದೇ. ರಾತ್ರಿ ಕೂಗಿದ ತಕ್ಷಣ ಓಗೊಡಬಾರದು. ದೆವ್ವ ಒಂದೇ ಸಲ ಕೂಗುತ್ತೆ, ಮನುಷ್ಯರಾದ್ರೆ ಮೂರು ಸಲ ಕೂಗ್ತಾರೆ. ಕೊಟ್ರಪ್ಪ ತುಟಿ ಕಚ್ಕೊಂಡು ನಿಂತ. ಎರಡನೇ ಕೂಗು ಬಂತು... ಸುಮ್ನಿದ್ದ. ಮೂರನೇದೂ ಬಂತು. ಅಬ್ಬಾ, ಮನುಷ್ಯರೇ ಅಂತ ಉಸಿರು ಬಿಟ್ಟ. ಗಂಗಮ್ಮನ ಪದ್ಧತಿ ಅವನಿಗೇನು ಗೊತ್ತು, ಪರವೂರಿನೋನು!

"ನಾ ಉಂಡಿಲ್ರೆವ್ವಾ," ಅಂದ.

ಛಳಕ್... ನೆಲಕ್ಕೆ ನೀರು ಚಿಮುಕಿಸಿದ ಸದ್ದು. ಪಟ... ಪಟ... ಒದ್ದೆ ಬಾಳೆಲೆ ಕೊಡವಿದ್ದು. ಹಿತ್ತಾಳೆ ಬಕೀಟಿಗೆ ಸೌಟು ತಾಗಿ ಟಣ್ ಅಂತು. ಟಾರ್ಚ್ ಬಿಟ್ಟು ನೋಡ್ದ. ಬರೀ ಕಾರುಗಳು. ಬಿಸಿ ಅನ್ನದ ಮೇಲೆ ತುಪ್ಪ ಬಿದ್ದ ವಾಸನೆ ಮಾತ್ರ ಮೂಗಿಗೆ ಬಡೀತು.

ಆಮೇಲೆ ಕಾರುಗಳ ಕೆಳಗಿಂದ ಒಂದು ಕೆಮ್ಮು. ಖೊಕ್... ಖೊಕ್... ಕೊನೇಲಿ ಸಣ್ಣಗೆ ಸಿಳ್ಳೆ ಎಳೆದಂಗೆ.

ಅವನ ಮಗಳ ಕೆಮ್ಮು.

"ಭುವೀ..."

"ಮೆಲ್ಲಗೆ," ಅಂತು ದನಿ, ಕಿವಿ ಪಕ್ಕದಲ್ಲೇ. "ಮಗು ಉಣ್ತಾ ಐತೆ."

"ನನ್ನ ಕೂಸನ್ನ ಬಿಡ್ರೆವ್ವಾ... ಕಾಲಿಗೆ ಬೀಳ್ತೀನಿ..."

"ನಾನೆಲ್ಲಿ ಇಡ್ಕೊಂಡಿದೀನಪ್ಪ? ಬಾಗ್ಲಿಂದ ಆಚೆ ಕಳಿಸ್ದೋನು ನೀನು." ಸೌಟು ಮತ್ತೆ ಟಣ್ ಅಂತು. "ನಿಂಗೂ ಎಲೆ ಆಕೈತೆ. ಮೊದ್ಲು ಬೀಗ ತೆಗಿ. ಬಾಗ್ಲು ಮುಚ್ಕೊಂಡು ಉಣ್ಣೋ ಮನೆ ಅಲ್ಲ ಇದು."

ಬೀಗ ತೆಗೆದು ಸರಪಳಿ ಬಿಚ್ಚಿದ. ಎಲೆ ಮುಂದೆ ಕೂರಲಿಲ್ಲ. ಗೇಟು ಹಾರುಹೊಡೆದು ಬಸ್‌ಸ್ಟಾಪಿಗೆ ಓಡ್ದ.

ತಾಯಿ ಮಗಳು ಕಂಬಳಿ ಹೊದ್ದು ನಿದ್ದೆ ಮಾಡ್ತಿದ್ರು. ಮಗೂನ ಬಾಚಿ ಎತ್ಕೊಂಡ. "ಹಸಿವಾತೇನವ್ವಾ?"

"ಇಲ್ಲಪಾ, ಹೊಟ್ಟಿ ತುಂಬೇತಿ," ಅಂತು ಮಗು ನಿದ್ದೆಗಣ್ಣಲ್ಲಿ. ಅದರ ಅಂಗೈ ಮೂಸಿ ನೋಡ್ದ. ತುಪ್ಪ.

"ನಡೀರಿ," ಅಂದ. "ಕೆಲ್ಸ ಹೋದ್ರ ಹೋಗ್ಲಿ." ಹೆಂಡ್ತಿ ಮಗಳನ್ನ ಆ ಪಾರ್ಕಿಂಗಿಗೇ ಕರ್ಕೊಂಡು ಬಂದು ಶೆಡ್ಡಿನಲ್ಲಿ ಮಲಗಿಸ್ದ. ಗೇಟು ಬೆಳಗಿನ ತನಕ ತೆಗೆದೇ ಇತ್ತು. ಮತ್ತೆ ಯಾರೂ ಕೂಗಲಿಲ್ಲ.

ಬೆಳಗಾಗೋದೇ ತಡ, ನಂದೀಶ ಬಂದ. ಕ್ಯಾಮೆರಾದಲ್ಲಿ ಹೆಂಗಸು ಮಗು ಕಂಡಿದ್ದಕ್ಕೆ ಒಂದು ಸಲ ಬೈದ, ನೆಲ ನೋಡಿ ಇನ್ನೊಂದು ಸಲ. "ಯಾವನ ಹಸು ಬಿಟ್ಟಿದ್ಯೋ ಒಳಗೆ?" ರಾತ್ರಿಯದೆಲ್ಲ ತಿರುವಿ ನೋಡಿದ್ರೂ ಹಸು ಬಂದಿದ್ದು ಕಾಣಲಿಲ್ಲ. ಆದ್ರೂ ಕೊಟ್ರಪ್ಪನ್ನ ಕೆಲಸದಿಂದ ತೆಗೆದ. ಈಗ ಪಾಪ, ಯಾವುದೋ ಅಪಾರ್ಟ್‌ಮೆಂಟಿಗೆ ಸಿಮೆಂಟು ಹೊರ್ತಾನೆ.

ಗಲಾಟೆ ಕೇಳಿ ನಾನೂ ಹೋಗಿದ್ದೆ. ಮೊಣಕಾಲು ನೋಯ್ತಿದ್ರೂ ಬಗ್ಗಿ ಕಾರುಗಳ ಕೆಳಗೆ ನೋಡ್ದೆ. ಸುಳ್ಳಾದ್ರೆ ನನ್ನ ಕಣ್ಣು ಇಂಗಿಹೋಗ್ಲಿ. ಉಂಡು ಎಲೆ ಎತ್ತಿದ ಮೇಲೆ ಸಗಣಿ ಹಾಕಿ ಸಾರಿಸ್ತೀವಲ್ಲ, ಹಂಗೇ ಸಾಲಾಗಿ ಸಾರಿಸಿತ್ತು. ಬೆರಳಿಟ್ಟೆ. ಹಸಿ. ಮೇಲಿದ್ದ ಕಾರುಗಳು ಹಿಂದಿನ ಸಂಜೆಯಿಂದ ಅಲ್ಲಾಡಿರಲಿಲ್ಲ. ಸಾಲಿನ ಕೊನೇಲಿ ಒಂದು ಜಾಗ ಮಾತ್ರ ಸಾರಿಸಿರಲಿಲ್ಲ. ಉಣ್ಣೋರಿಗೆ ಇನ್ನೂ ಕಾದಂಗೆ, ಬರೀ ನೀರು ಚಿಮುಕಿಸಿತ್ತು.