ಅಜ್ಜಿಯ ಮಾತು ಹಾರಿಸಿದ ಶ್ರೀಮಂತ

ಒಂದೂರಲ್ಲಿ ಒಬ್ಬ ಶ್ರೀಮಂತ. ಯಾವ ಊರು ಸ್ವಾಮೀ ಅಂತೀರಾ? ಕಂಪ್ಯೂಟರ್ ಒಳಗಿನ ಊರು! ನಗ್ತೀರಾ? ನಗಿ ನಗಿ, ಆಮೇಲೆ ನಿಮ್ಮ ಕಡೆಗೇ ಬರ್ತೀನಿ.

ನೋಡಿ, ಇದೊಂದು ಕಂಪ್ಯೂಟರ್ ಆಟ. ಇದರಲ್ಲಿ ನಾವು ಆಡಿಸೋದು ಒಬ್ಬ ವೀರನನ್ನ ಮಾತ್ರ. ಕಮ್ಮಾರ, ಹೋಟೆಲಿನವನು, ಮದ್ದು ಕೊಡೋ ಅಜ್ಜಿ, ಇವರನ್ನೆಲ್ಲ ಕಂಪ್ಯೂಟರೇ ನಡೆಸುತ್ತೆ. ಆದರೆ ಏನು ಸೋಜಿಗ ಅಂತೀರಿ! ಒಬ್ಬೊಬ್ಬರ ಮನಸ್ಸಲ್ಲೂ ನಮ್ಮ ಬಗ್ಗೆ ಒಂದೊಂದು ಅಭಿಪ್ರಾಯ. ಸಹಾಯ ಮಾಡಿದ್ರೆ ಏರುತ್ತೆ, ನೋಯಿಸಿದ್ರೆ ಇಳಿಯುತ್ತೆ. ಎಷ್ಟು ಏರಿದೆ, ಎಷ್ಟು ಇಳಿದಿದೆ, ನಮಗೆ ಕಾಣಲ್ಲ. ಮುಖ ನೋಡಿ, ಮಾತು ಕೇಳಿ ತಿಳ್ಕೋಬೇಕು. ನಮ್ಮ ಮನೇಲೂ ಹಾಗೇ ಅಲ್ವಾ?

ಇದನ್ನ ಆಡ್ತಿದ್ದವನು ಒಬ್ಬ ಗೃಹಸ್ಥ. ಅವನ ವೀರ ಆ ಊರಿಗೇ ಶ್ರೀಮಂತ. ಕೆರೆದಂಡೇಲಿ ಹಳದಿ ಹೂವು ರಾಶಿ ರಾಶಿ, ಪುಕ್ಕಟೆ. ಕಿತ್ತು ಕಮ್ಮಾರನಿಗೆ ಕೊಟ್ಟ, ಅವನು ಖುಷಿಯಾದ. ಹೋಟೆಲಿನವನಿಗೆ ಕೊಟ್ಟ, ಬಿಟ್ಟಿ ಊಟ ಸಿಕ್ತು. ಅಜ್ಜಿಗೂ ಕೊಟ್ಟ. ಅಜ್ಜಿ ಮುಖ ತಿರುಗಿಸಿದಳು, ಏನೋ ಹೇಳೋಕೆ ಬಾಯಿ ತೆಗೆದಳು. ಆಟದಲ್ಲಿ ಒಂದು ಗುಂಡಿ ಇದೆ, ಒತ್ತಿದ್ರೆ ಎದುರಿನವರ ಮಾತೆಲ್ಲ ಕೇಳಿಸದೇ ಹಾರಿಹೋಗುತ್ತೆ. ಒತ್ತಿದ! "ಹೂವು ಸಾಲಲಿಲ್ಲವೇನೋ ಮುದುಕಿಗೆ" ಅಂತ ಮಾರನೇ ದಿನ ಬುಟ್ಟಿ ತುಂಬ ತಂದ. ಅಜ್ಜಿ ಬಾಯಿ ತೆಗೆದಳು. ಮತ್ತೆ ಒತ್ತಿದ!

ಆಮೇಲೆ? ಕಾಡಲ್ಲಿ ಹಾವು ಕಚ್ತು! ಸತ್ತರೆ ತಿಂಗಳುಗಟ್ಟಲೆ ಆಡಿದ್ದೆಲ್ಲ ನೀರುಪಾಲು. ಮದ್ದಿರೋದು ಅಜ್ಜಿ ಹತ್ರ ಮಾತ್ರ. ಓಡಿ ಬಂದ, ಬಾಗಿಲು ಬಡಿದ. ತೆಗೀಲಿಲ್ಲ! ಹೊಸ್ತಿಲ ಮೇಲೆ ಚಿನ್ನ ಸುರಿದ. ತೆಗೀಲಿಲ್ಲ! "ಅಯ್ಯೋ, ನಾನೇನು ಮಾಡಿದ್ದೀನಿ ಇವಳಿಗೆ?" ಅಂತ ಕಿರುಚಿದ.

ಒಳಗಿಂದ ಅಜ್ಜಿ ಮಾತಾಡಿದಳು. ಮೊದಲ ಸಲ ಅವನ ಬೆರಳು ಗುಂಡಿ ಮುಟ್ಟಲಿಲ್ಲ.

"ಎಷ್ಟು ಸಲ ಹೇಳೋದಪ್ಪಾ? ಆ ಹೂವು ಕೀಳೋಕೆ ಹೋಗಿ ನನ್ನ ಮಗಳು ಕೆರೇಲಿ ಮುಳುಗಿದಳು. ತರಬೇಡ ಅಂತ ಬೇಡಿಕೊಂಡೆ. ನೀನು ಬುಟ್ಟಿ ತುಂಬ ತಂದೆ."

ವೀರ ಅಲ್ಲೇ ಜಗಲಿ ಮೇಲೆ ಸತ್ತ. ಆಡ್ತಿದ್ದವನು ಅತ್ತುಬಿಟ್ಟ ಕಣ್ರೀ!

ಈಗ ಹೇಳಿ, ಆ ಗುಂಡಿ ನಿಮ್ಮ ಹತ್ರ ಇಲ್ವಾ? ಇದೆ! "ಹ್ಞೂಂ" ಅಂತೀರಲ್ಲ, ಅದೇ ಗುಂಡಿ! ಹೆಂಡತಿ ಮಾತಾಡ್ತಿದ್ದಾಳೆ, ಕಣ್ಣು ಮೊಬೈಲಲ್ಲಿ, "ಹ್ಞೂಂ, ಹ್ಞೂಂ." ಮೇಲಿಂದ "ಹಬ್ಬಕ್ಕೆ ಸೀರೆ ತಂದುಕೊಟ್ಟೆನಲ್ಲ, ಇನ್ನೇನು ಬೇಕು?" ಬೇರೆ! ತಾಯಂದಿರೇ, ನಗಬೇಡಿ. ಸೊಸೆ ಬಾಯಿ ತೆಗೆದ ಕೂಡಲೇ ಮಿಕ್ಸಿ ಹಾಕೋರು ನೀವೇ!

ಇವತ್ತು ಮನೆಗೆ ಏನೂ ಕಟ್ಟಿಸಿಕೊಂಡು ಹೋಗಬೇಡಿ. ಬರಿಗೈಲಿ ಹೋಗಿ, ಎದುರಿಗೆ ಕೂತ್ಕೊಳ್ಳಿ. "ಅವತ್ತು ನೀನೇನೋ ಹೇಳೋಕೆ ಬಂದೆ, ನಾನು ಕೇಳಲಿಲ್ಲ. ಈಗ ಹೇಳು" ಅನ್ನಿ. ಬೈದರೆ ಬೈಸಿಕೊಳ್ಳಿ. ಅತ್ತರೆ ಅಳಲಿ. ಅವರು ಸಾಕು ಅನ್ನೋವರೆಗೂ ನೀವು ಏಳಬೇಡಿ.