ದುಬೈಗೆ ಹೋದ ಮಲ್ಲಿಗೆ

ಉಡುಪಿ ಬಸ್ ನಿಲ್ದಾಣದಲ್ಲಿ ಕಾರ್ಕಳದ ಬಸ್ಸಿಗೆ ಕಾಯುತ್ತಿದ್ದ ಆಶ್ರಿತಾಳಿಗೆ ಪಕ್ಕದ ಬೆಂಚಿನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಒಬ್ಬಳು ಇನ್ನಂಜೆಯಲ್ಲಿ ಮಲ್ಲಿಗೆ ಬೆಳೆಯುವ ಅಕ್ಕು. ಇನ್ನೊಬ್ಬಳು ಅವಳ ಮನೆಯಲ್ಲಿ ಹೂ ಕಟ್ಟುವ, ಬಾಗಲಕೋಟೆ ಕಡೆಯ ರತ್ನವ್ವ.

“ಅಳಿಯ ಬೆಳಿಗ್ಗೆ ಹತ್ತಕ್ಕೆ ಮಂಗಳೂರು ಬಿಟ್ಟು ಹನ್ನೆರಡಕ್ಕೆ ದುಬೈಯಲ್ಲಿ ಇಳಿದನಂತೆ. ಎರಡೇ ಗಂಟೆ! ಬರುವಾಗ ಮಾತ್ರ ಐದು ಗಂಟೆ ಬೇಕಂತೆ. ದಾರಿ ಒಂದೇ ಅಲ್ವಾ?”

“ಅಲ್ಲೀ ಗಡಿಯಾರ ನಮಗಿಂತ ಹಿಂದ ಐತಂತ್ರೀ, ಅಕ್ಕಾರ.”

“ಅವನೂ ಹಾಗೇ ಹೇಳಿದ.”

ಹೋಗಲಿಕ್ಕೂ ಬರಲಿಕ್ಕೂ ಮೂರೂವರೆ ಗಂಟೆಯೇ ಎಂದು ಹೇಳಿಬಿಡಲು ಆಶ್ರಿತಾಳ ನಾಲಗೆ ತುರಿಸುತ್ತಿತ್ತು.

“ಗಡಿಯಾರ ಹಿಂದೆ ಇರಲಿ ಮಾರಾಯ್ತಿ. ಮಲ್ಲಿಗೆಗೆ ಗಡಿಯಾರ ಉಂಟಾ? ನಾನು ಅವನ ಕೈಯಲ್ಲಿ ಕೊಟ್ಟದ್ದು ಮೊಗ್ಗು. ರಾತ್ರಿ ಮಗಳ ಕೈಗೆ ಸಿಕ್ಕುವಾಗ ಪೂರಾ ಅರಳಿ ಕಂದಿತ್ತಂತೆ.”

“ವಿಮಾನದಾಗ ಝಳ ಇರತೈತೇನೋ.”

“ಎಸಿ ಉಂಟು ಅಲ್ಲಿ.”

“ಮತ್ತ ರಾತ್ರೀತನಕ ಎಲ್ಲಿದ್ರಂತ?”

“ಟ್ರಾಫಿಕ್ ಅಂತೆ.”

“ಇನ್ನಂಜೆ, ಇನ್ನಂಜೆ!” ಎಂದು ಕಂಡಕ್ಟರ್ ಕೂಗಿದ. ಇಬ್ಬರೂ ಎದ್ದರು. ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟ ಅಕ್ಕು ಹಾಗೇ ತಿರುಗಿ ನಿಂತಳು.

“ರತ್ನವ್ವ, ಅವತ್ತು ಕಟ್ಟಿ ಕೊಟ್ಟದ್ದು ಎಷ್ಟು ಚೆಂಡು ಮಲ್ಲಿಗೆ?”

“ಎರಡ್ರೀ. ನಾನ ಕಟ್ಟೀನಲ್ಲ, ಬಾಳಿ ಎಲಿಯಾಗ ಸುತ್ತಿದ್ದೂ ನಾನ.”

“ಹೌದಲ್ವಾ? ಮಗಳು ನನ್ನನ್ನೇ ಕೇಳ್ತಾಳೆ, ಒಂದೇ ಯಾಕೆ ಕೊಟ್ಟೆ ಅಮ್ಮ ಅಂತ.”