ಅಕ್ಕನ ಅಟ್ಟದಲ್ಲಿ ಸಿಕ್ಕ ಪೆಟ್ಟಿಗೆ

ಹೇಳಿಕೆ ಕೊಡುತ್ತಿರುವವನು: ದೂರುದಾರಳ ಒಡಹುಟ್ಟಿದ ತಮ್ಮ, ಮನೆಯಲ್ಲಿ ಕರೆಯುವುದು ಪುಟ್ಟ ಎಂದು. ವಯಸ್ಸು 46 ವರ್ಷ. ಉದ್ಯೋಗ: ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ, 22 ವರ್ಷಗಳಿಂದ. ವಾಸ: ನೀರಿನ ಟ್ಯಾಂಕಿನ ಹಿಂದಿನ ಬೀದಿ, ಮೂರನೇ ಮನೆ, ಮೊದಲ ಮಹಡಿ.

ಈ ದಿನ ಬುಧವಾರ ಮಧ್ಯಾಹ್ನ 12 ಗಂಟೆ 10 ನಿಮಿಷಕ್ಕೆ ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಮೇಡಂ ಅವರ ಮುಂದೆ ಕೂತು, ಯಾರ ಒತ್ತಾಯವೂ ಇಲ್ಲದೆ ನಾನು ಹೇಳಿ ಬರೆಸುತ್ತಿರುವುದೇನೆಂದರೆ:

ನಮ್ಮ ತಂದೆಯವರು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ಯಂತ್ರವನ್ನು ಬಿಚ್ಚುವ ಮೊದಲು ಚಕ್ರವನ್ನು ಎರಡು ಸುತ್ತು ತಿರುಗಿಸಿ, ಸದ್ದು ಕೇಳಿಯೇ ರೋಗ ಎಲ್ಲಿದೆ ಎಂದು ಹೇಳುತ್ತಿದ್ದರು. ಆ ಕಿವಿ ನನ್ನ ಅಕ್ಕನಿಗೆ ಬಂತು, ನನಗೆ ಬರಲಿಲ್ಲ. ತಂದೆಯವರು ಹಾಸಿಗೆ ಹಿಡಿದ ಮೇಲೆ ಅಂಗಡಿಯನ್ನು ಅಕ್ಕ ನಡೆಸಿದಳು, ಈಗಲೂ ಅವಳೇ ನಡೆಸುತ್ತಿದ್ದಾಳೆ. ತಂದೆಯವರು ಇದ್ದದ್ದೂ ಅವಳ ಮನೆಯಲ್ಲೇ. ನಾನು ವಾರಕ್ಕೊಂದು ಸಲ ಹೋಗಿ ಅರ್ಧ ಗಂಟೆ ಕೂತು ಬರುತ್ತಿದ್ದೆನು. ಅರ್ಧ ಗಂಟೆ ಎಂದು ಹೇಳುವಾಗ ನಾಚಿಕೆಯಾಗುತ್ತಿದೆ, ಆದರೆ ಅಷ್ಟೇ.

ತಂದೆಯವರ ಕೊನೆಯ ದಿನಗಳಲ್ಲಿ ಅಕ್ಕ ಹನ್ನೊಂದು ಭಾನುವಾರ ಮಧ್ಯಾಹ್ನ ಅವರ ಮಾತನ್ನು ರೆಕಾರ್ಡ್ ಮಾಡಿಕೊಂಡಳು. ಯಾವ ಯಂತ್ರ ಯಾವ ರೀತಿ ಕೈಕೊಡುತ್ತದೆ, ಹೇಗೆ ಸರಿಮಾಡಬೇಕು, ನಡುನಡುವೆ ಗಿರಾಕಿಗಳ ಪುರಾಣ, ನಮ್ಮ ತಾಯಿಯನ್ನು ಮೊದಲು ನೋಡಿದ ಕಥೆ. ಇದೆಲ್ಲ ಒಂದು ಹಾರ್ಡ್ ಡಿಸ್ಕ್‌ನಲ್ಲಿತ್ತು. ಬೇರೆ ಪ್ರತಿ ಇರಲಿಲ್ಲ. ತಂದೆಯವರು ತೀರಿಕೊಂಡು ಈಗ ಐದು ವರ್ಷವಾಯಿತು.

ಅವರು ಹೋದ ಹತ್ತು ತಿಂಗಳಿಗೆ ನಾನು ಮನೆಗೆ ಒಂದು ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆ ತಂದೆನು. ಮೇಡಂ ಅವರು ಅದೇನೆಂದು ಕೇಳಿದ್ದರಿಂದ ಹೇಳುತ್ತೇನೆ. ಅದು ಎರಡು ಡಿಸ್ಕ್ ಹಿಡಿಯುವ, ಬ್ರೆಡ್ ಡಬ್ಬದಷ್ಟು ದೊಡ್ಡ ಪೆಟ್ಟಿಗೆ. ರೂಟರಿಗೆ ಸಿಕ್ಕಿಸಿದರೆ ಮನೆಯವರೆಲ್ಲರ ಫೋಟೊ, ಕಾಗದಪತ್ರ ಒಂದೇ ಕಡೆ ಕೂಡಿಟ್ಟುಕೊಳ್ಳಬಹುದು, ಯಾವ ಕೋಣೆಯಿಂದ ಬೇಕಾದರೂ ತೆಗೆದು ನೋಡಬಹುದು. ಅಕ್ಕ ತನ್ನ ಡಿಸ್ಕನ್ನು ಕೈಯಾರೆ ತಂದುಕೊಟ್ಟು, ಅದರಲ್ಲಿ ಇದನ್ನೂ ಜೋಪಾನ ಮಾಡಿಡು ಎಂದಳು.

ನಾನು ಆ ಡಿಸ್ಕಿನ ಕವಚ ಬಿಚ್ಚಿ ಪೆಟ್ಟಿಗೆಯೊಳಗೆ ನೇರವಾಗಿ ಕೂರಿಸಿದೆನು. ಹಾಗೆ ಕೂರಿಸಿದರೆ ಪೆಟ್ಟಿಗೆ ಅದರಲ್ಲಿರುವುದನ್ನು ಓದಿಕೊಳ್ಳುತ್ತದೆ ಎಂಬುದು ನನ್ನ ಎಣಿಕೆ. ಕಂಪ್ಯೂಟರಿನ ಪರದೆಯ ಮೇಲೆ ಒಂದರ ಹಿಂದೆ ಒಂದು ಪ್ರಶ್ನೆಗಳು ಬಂದವು. ಆರಕ್ಕೆ ಓದದೆ ಹೌದು ಎಂದು ಒತ್ತಿದೆನು. ಏಳನೆಯದು, ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಕೇಳುತ್ತಿತ್ತು. ಅದಕ್ಕೂ ಹೌದು ಎಂದೆನು. ದಿನಕ್ಕೆ ಇಪ್ಪತ್ತು ಜನರಿಗೆ ಗೋಡೆಯ ಮೇಲಿನ ಸಣ್ಣ ಅಕ್ಷರ ಓದಿಸುವವನು ನಾನು. ನಾಲ್ಕು ನಿಮಿಷದ ಮೇಲೆ ಎಚ್ಚೆತ್ತು ಪ್ಲಗ್ ಕಿತ್ತೆನು.

ಅಕ್ಕನಿಗೆ ಅದೇ ದಿನ ಹೋಗಿ ಹೇಳಿದೆನು. ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಇಂದು ಇಲ್ಲಿ ಕೂರುತ್ತಿರಲಿಲ್ಲ. ಹನ್ನೊಂದು ಭಾನುವಾರ, ಎಂದಳು, ಮತ್ತೆ ಒಳಗೆ ಹೋದಳು. ಅಂದಿನಿಂದ ಈ ದಿನದವರೆಗೆ, ಅಂದರೆ ನಾಲ್ಕು ವರ್ಷ ಎರಡು ತಿಂಗಳು, ನನ್ನೊಂದಿಗೆ ಮಾತಿಲ್ಲ.

ಬೇಗ ನಿಲ್ಲಿಸಿದ್ದರಿಂದ ಡಿಸ್ಕಿನಲ್ಲಿದ್ದದ್ದು ಪೂರ್ತಿ ಹೋಗಿರಲಿಲ್ಲ. ಡಿಸ್ಕ್ ರಿಪೇರಿಯವನೊಬ್ಬನ ಕೈಯಲ್ಲಿ ಅದು ಹೆಸರು, ದಿನಾಂಕ, ಅನುಕ್ರಮ ಏನೂ ಇಲ್ಲದ 2,316 ತುಂಡುಗಳಾಗಿ ಹೊರಬಂತು. ನಾನು ದಿನವೂ ಬೆಳಿಗ್ಗೆ 5.30ರಿಂದ 7ರವರೆಗೆ ಒಂದೊಂದೇ ತುಂಡು ಕೇಳಿ, ಮಾತಿಗೆ ಮಾತು ಹೊಂದಿಸಿ ಜೋಡಿಸುತ್ತಾ ಬಂದೆನು. ನನ್ನ ಹೆಂಡತಿ ಇದಕ್ಕೆ ಅಪ್ಪನ ಸ್ಕೂಲು ಎಂದು ಹೆಸರಿಟ್ಟಳು. ಹೊಲಿಗೆ ಯಂತ್ರದ ಕೆಳದಾರ ಕೂರುವ ಬಾಬಿನ್ ಕೇಸ್ ಬಿಚ್ಚುವುದು ನನಗೀಗ ಬಾಯಿಪಾಠ, ಕೈಗೆ ಮಾತ್ರ ಬರುವುದಿಲ್ಲ.

ಮೂರು ವರ್ಷ ಒಂಬತ್ತು ತಿಂಗಳಿಗೆ ಒಂಬತ್ತು ಭಾನುವಾರ ಸಿಕ್ಕವು. ಇನ್ನೆರಡು ಸಿಗಲಿಲ್ಲ. ತುಂಡಾಗದೆ ಇಡಿಯಾಗಿ ಬಂದ ಎರಡು ಫೈಲುಗಳಿದ್ದವು, ಒಂದೊಂದೂ ಐವತ್ತು ನಿಮಿಷದ್ದು, ಆದರೆ ಅವುಗಳಲ್ಲಿ ಮಾತೇ ಇಲ್ಲ, ಬರೀ ಗರಗರ. ಡಿಸ್ಕ್ ರಿಪೇರಿಯವನು ಕೇಳಿ, ಹಾಳಾದ ಫೈಲು ಹೀಗೇ ಸದ್ದು ಮಾಡುತ್ತದೆ, ಅಳಿಸಿಬಿಡಿ ಎಂದನು. ಅಳಿಸುವ ಬುದ್ಧಿಯನ್ನು ನಾನು ಬಿಟ್ಟಾಗಿತ್ತು. 'ಹಾಳಾದವು' ಎಂದು ಫೋಲ್ಡರ್ ಮಾಡಿ ಅದರಲ್ಲಿಟ್ಟೆನು. ಆದ್ದರಿಂದ ಒಂಬತ್ತು ಸಿಕ್ಕಿವೆ, ಎರಡು ಹೋದವು ಎಂದೇ ಬರೆದುಕೊಳ್ಳಬೇಕು. ಒಂಬತ್ತನ್ನೇ ಹಿಡಿದು ಅಕ್ಕನ ಮುಂದೆ ಹೋಗಿ ನಿಲ್ಲಲು ನನಗೆ ಮುಖ ಬರಲಿಲ್ಲ. ಅವಳು ಕೊಟ್ಟದ್ದು ಹನ್ನೊಂದು.

ಒಮ್ಮೆ ಸುಟ್ಟುಕೊಂಡ ಮೇಲೆ ಈ ವಿಷಯದಲ್ಲಿ ನನಗೆ ಹೆದರಿಕೆ ಜಾಸ್ತಿ. ಮೂರು ಪ್ರತಿ ಇರಬೇಕು, ಒಂದಾದರೂ ಬೇರೆ ಸೂರಿನಡಿ ಇರಬೇಕು ಎಂದು ತಿಳಿದವರು ಹೇಳುತ್ತಾರೆ. ನನ್ನ ಮನೆಯಲ್ಲೇ ಎರಡಿದ್ದವು. ಮೂರನೆಯದಕ್ಕೆ ಇನ್ನೊಂದು ಪೆಟ್ಟಿಗೆ ತಂದೆನು. ಅಂಗಡಿಯಲ್ಲಿಡೋಣವೆಂದರೆ ಮಾಲೀಕರು ಬಾಗಿಲು ಹಾಕುವಾಗ ಮೇನ್ ಸ್ವಿಚ್ಚನ್ನೇ ಆರಿಸುತ್ತಾರೆ. ಗೆಳೆಯನೊಬ್ಬನಿದ್ದಾನೆ, ವರ್ಷಕ್ಕೊಂದು ಮನೆ ಬದಲಿಸುತ್ತಾನೆ. ಕಡೆಗೆ ನಾಲ್ಕು ತಿಂಗಳ ಹಿಂದೆ, ಎರಡನೇ ಶನಿವಾರ ಮಧ್ಯಾಹ್ನ 3.15ಕ್ಕೆ, ಅಕ್ಕ ಅಂಗಡಿಯಲ್ಲಿದ್ದಾಗ ಅವಳ ಮನೆಗೆ ಹೋಗಿ, ಅಟ್ಟದಲ್ಲಿ ಹಳೆಯ ಸೂಟ್‌ಕೇಸುಗಳ ಹಿಂದೆ ಆ ಪೆಟ್ಟಿಗೆಯನ್ನು ಇಟ್ಟೆನು. ಕರೆಂಟಿಗೆ ನೀರಿನ ಪಂಪಿನ ಪ್ಲಗ್ ಇತ್ತು. ರೂಟರ್ ಅಟ್ಟದ ಕೆಳಗಿನ ಗೋಡೆಯಲ್ಲೇ ಇದ್ದುದರಿಂದ ಎರಡು ಮೀಟರ್ ತಂತಿ ಸಾಕಾಯಿತು. ಮನೆಯೊಳಗೆ ಹಿತ್ತಿಲ ಪೈಪು ಹಿಡಿದು ಹತ್ತಿ ಹೋದೆನು. ಯಾರ ಸಹಾಯವೂ ಇರಲಿಲ್ಲ. ಅಕ್ಕನ ಗಂಡ, ನನ್ನ ಭಾವನವರಿಗೆ, ಇದರ ಗಂಧಗಾಳಿಯೂ ಇಲ್ಲ. ಅವರು ಬಸ್ ಚಾಲಕರು, ಬಹಳ ಒಳ್ಳೆಯ ಮನುಷ್ಯರು.

ನೀವು ಮಾತೇ ಆಡದವರ ಮನೆಯನ್ನೇ ಯಾಕೆ ಆರಿಸಿದಿರಿ ಎಂದು ಮೇಡಂ ಅವರು ಕೇಳಿದರು. ನಾನು ಹೇಳಿದ್ದನ್ನು ಹಾಗೆಯೇ ಬರೆಯಲು ಕೋರಿದ್ದೇನೆ: "ಇನ್ಯಾರ ಮನೇಲಿ ಇಡ್ಲಿ ಮೇಡಂ?"

ಈ ದಿನ ಬೆಳಿಗ್ಗೆ 10.42ಕ್ಕೆ ನಾನು ಅಂಗಡಿಯಲ್ಲಿದ್ದಾಗ, ಎರಡನೇ ಪೆಟ್ಟಿಗೆ ಸಿಗುತ್ತಿಲ್ಲ ಎಂದು ಫೋನಿಗೆ ಸಂದೇಶ ಬಂತು. 10.47ಕ್ಕೆ ಮತ್ತೆ ಬಂತು. ಮಾಲೀಕರನ್ನು ಕೇಳಿಕೊಂಡು ಸೈಕಲ್ಲಿನಲ್ಲಿ ಹೊರಟು, 1.4 ಕಿಲೋಮೀಟರ್ ದೂರದ ಅಕ್ಕನ ಮನೆಗೆ 11.05ಕ್ಕೆ ತಲುಪಿದೆನು.

ಅಂಗಳದಲ್ಲಿ ಸ್ಟೂಲಿನ ಮೇಲೆ ನನ್ನ ಪೆಟ್ಟಿಗೆ ಇತ್ತು. ಅದರಿಂದ ಹನ್ನೆರಡು ಅಡಿ ದೂರದಲ್ಲಿ ಇಬ್ಬರು ಪೇದೆಗಳು, ಅವರ ಹಿಂದೆ ನಲ್ಲಿ ರಿಪೇರಿಯವನು, ಅವನ ಹಿಂದೆ ಅರ್ಧ ಬೀದಿ. ಆಮೇಲೆ ತಿಳಿದದ್ದೇನೆಂದರೆ, ಪೈಪು ಸೋರುತ್ತಿದೆಯೆಂದು ಅಟ್ಟ ಹತ್ತಿದ ನಲ್ಲಿಯವನಿಗೆ ಕತ್ತಲಲ್ಲಿ ನೀಲಿ ದೀಪವೊಂದು ಕಣ್ಣು ಹೊಡೆದಿತ್ತು. ಮನೆಯ ಮಾತು ಕದ್ದು ಕೇಳುವ ಯಂತ್ರ ಎಂದು ಅವನು ಅಕ್ಕನಿಗೆ ಹೇಳಿದನು. ಅಕ್ಕ ತಾನೇ ಏಣಿ ಹತ್ತಿ ಪ್ಲಗ್ ಕಿತ್ತು, ಪೆಟ್ಟಿಗೆಯನ್ನು ಹೊರಗೆ ತಂದಿಟ್ಟು ಠಾಣೆಗೆ ಫೋನ್ ಮಾಡಿದಳು. ಭಾವನವರು ಬಸ್ಸಿನಲ್ಲಿದ್ದುದರಿಂದ ಅವರ ಫೋನ್ ಆಫ್ ಆಗಿತ್ತು.

ಬಾಂಬೇ ಆಗಿದ್ದರೆ ಎಂದು ಒಬ್ಬ ಪೇದೆಯ ಕೈಯಲ್ಲಿ ನೀರು ತುಂಬಿದ ಬಕೆಟ್ ಇತ್ತು. ಅದನ್ನು ಕಂಡು ನೀರು ಹಾಕಬೇಡಿ ಎಂದು ಕೂಗಿ ಸೈಕಲ್ಲನ್ನು ಅಲ್ಲೇ ಬಿಟ್ಟು ಓಡಿ, ಪೆಟ್ಟಿಗೆಯನ್ನು ಅಪ್ಪಿಕೊಂಡೆನು. ನಿನಗೆ ಹೇಗೆ ಗೊತ್ತು ಇದು ಏನೆಂದು, ಎಂದು ಪೇದೆ ಕೇಳಿದನು. ನನ್ನದೇ ಎಂದೆನು. ಅಕ್ಕ ನನ್ನ ಕಡೆ ನೋಡದೆ ಪೇದೆಗೆ, ಇವನು ನನ್ನ ಮನೆಯೊಳಗೆ ಹೇಗೆ ಬಂದ ಎಂದು ಕೇಳಿ ಎಂದಳು. ನಾನು ಜೀಪಿನಲ್ಲಿಯೂ ಅಕ್ಕ ತನ್ನ ಸ್ಕೂಟರಿನಲ್ಲಿಯೂ 11.40ಕ್ಕೆ ಠಾಣೆ ತಲುಪಿದೆವು.

ಇಲ್ಲಿಗೆ ಹೇಳಿಕೆಯನ್ನು ನಿಲ್ಲಿಸಿ, ಮಧ್ಯಾಹ್ನ 3 ಗಂಟೆಗೆ ಮುಂದುವರಿಸಿದ್ದು:

ಹಿತ್ತಿಲ ಪೈಪು ಹತ್ತಿದೆನೆಂದು ನಾನು ಬರೆಸಿದಾಗ ಮೇಡಂ ಅವರು ಪೆನ್ನು ಕೆಳಗಿಟ್ಟು ನನ್ನ ಹೊಟ್ಟೆಯನ್ನು ನೋಡಿದ್ದರು. ಠಾಣೆಯ ಹಿಂದೆಯೂ ಒಂದು ಪೈಪಿದೆ, ಹತ್ತಿ ತೋರಿಸುತ್ತೀರಾ ಎಂದೂ ಕೇಳಿದ್ದರು. ನಾನು ಅಂಗಿಯನ್ನು ಕೆಳಗೆ ಎಳೆದುಕೊಂಡೆನು.

1.25ಕ್ಕೆ ಭಾವನವರು ಚಾಲಕರ ಸಮವಸ್ತ್ರದಲ್ಲೇ ಬಂದರು. ಮೊದಲು ಸ್ವಲ್ಪ ಹೊತ್ತು ಸೂರು ನೋಡಿದರು, ಆಮೇಲೆ ಅಕ್ಕನನ್ನು ನೋಡಿದರು. ಆ ಶನಿವಾರ ಬಾಗಿಲು ತೆಗೆದದ್ದು ತಾವೇ, ಏಣಿ ಹಿಡಿದದ್ದೂ ತಾವೇ, ಹೊಸ ತಂತಿ ಯಾಕೆ ಎಂದು ಹೆಂಡತಿ ಕೇಳಿದಾಗ ಇಂಟರ್ನೆಟ್ ಜೋರಾಗಿ ಬರಲಿ ಎಂದು ಸುಳ್ಳು ಹೇಳಿದ್ದೂ ತಾವೇ ಎಂದು ಒಪ್ಪಿಕೊಂಡರು. ಇಬ್ಬರೂ ಒಂದೇ ಊರಿನಲ್ಲಿದ್ದು ಮುಖ ತಿರುಗಿಸಿಕೊಂಡು ಓಡಾಡುವುದನ್ನು ದಿನಾ ಬಸ್ಸಿನ ಗಾಜಿನಿಂದ ನೋಡಿ ನೋಡಿ ಸಾಕಾಗಿತ್ತು, ಪೆಟ್ಟಿಗೆಯಾದರೂ ಮನೆಯೊಳಗೆ ಬರಲಿ ಎಂದುಕೊಂಡೆ, ಎಂದರು. ಅಕ್ಕ ಅವರಿಗೆ ಮನೆಗೆ ಬನ್ನಿ ಎಂದಷ್ಟೇ ಹೇಳಿದಳು. ಭಾವನವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಪೆಟ್ಟಿಗೆಯೊಳಗೆ ಏನಿದೆಯೆಂದು ಕಣ್ಣಾರೆ ನೋಡದೆ ದೂರನ್ನು ಮುಗಿಸಲಾಗದೆಂದು ಮೇಡಂ ಅವರು ಹೇಳಿದ್ದರಿಂದ, 2.05ಕ್ಕೆ ಅದನ್ನು ಠಾಣೆಯ ರೈಟರ್ ಅವರ ಕಂಪ್ಯೂಟರಿಗೆ ಸಿಕ್ಕಿಸಿದೆನು. ನಾಲ್ಕು ಫೋಲ್ಡರುಗಳಿದ್ದವು. ನನ್ನದು, ನನ್ನ ಹೆಂಡತಿಯದು, ಭಾವನವರದು, ಮತ್ತು 'ಅಕ್ಕ' ಎಂದು ಹೆಸರಿಟ್ಟದ್ದು. ಮೇಡಂ ಅವರು ಕೊನೆಯದನ್ನು ತೆರೆಸಿ, ಮೊದಲ ಭಾನುವಾರವನ್ನು ಹಾಕಿಸಿದರು.

ತಂದೆಯವರ ದನಿ ಬಂತು. "ಮೊದ್ಲು ಕಿವಿ ಕೊಡು ಮಗಳೇ, ಸ್ಕ್ರೂಡ್ರೈವರ್ ಆಮೇಲೆ."

ಅಲ್ಲಿಯವರೆಗೆ ನಿಂತೇ ಇದ್ದ ಅಕ್ಕ ಬೆಂಚಿನ ಮೇಲೆ ಕೂತಳು. ಬಕೆಟ್ ಹಿಡಿದಿದ್ದ ಪೇದೆ ಒಳಗೆ ಬಂದು ಗೋಡೆಗೆ ಒರಗಿ ನಿಂತನು. ನಾನು ನೆಲ ನೋಡುತ್ತಾ, ಒಂಬತ್ತೇ ಸಿಕ್ಕಿವೆ, ಹನ್ನೊಂದೂ ಸಿಕ್ಕ ಮೇಲೆ ತಂದುಕೊಡಬೇಕೆಂದಿದ್ದೆ, ಎರಡು ನನ್ನಿಂದ ಹೋದವು ಎಂದೆನು. ನಾಲ್ಕು ವರ್ಷದಿಂದ ಹೇಳಬೇಕೆಂದಿದ್ದ ಮಾತು ಇಷ್ಟು ಚಿಕ್ಕದೆಂದು ನನಗೆ ಗೊತ್ತಿರಲಿಲ್ಲ.

2.20ಕ್ಕೆ ಮೇಡಂ ಅವರು, 'ಅಕ್ಕ' ಫೋಲ್ಡರಿನ ಒಳಗಿದ್ದ 'ಹಾಳಾದವು' ಎಂಬ ಫೋಲ್ಡರಿನಲ್ಲಿ ಏನಿದೆಯೆಂದು ಕೇಳಿದರು. ಸುಮ್ಮನೆ ಸದ್ದು, ಸಮಯ ಹಾಳು ಎಂದೆನು. ಅವರು ತೆರೆಸಿದರು. ಎಂದಿನಂತೆ ಗರಗರ ಶುರುವಾಯಿತು. ನಾನು ನಿಲ್ಲಿಸಲು ಕೈಚಾಚಿದೆನು. ಅಕ್ಕ ನನ್ನ ಕೈ ಹಿಡಿದಳು.

"ಹಾಳಾಗಿಲ್ಲ ಕಣೋ ಪುಟ್ಟ. ಅಪ್ಪ ಗೊರಕೆ ಹೊಡೀತಿದಾರೆ."

ನಾನು ನಂಬಲಿಲ್ಲ. ಫ್ಯಾನಿನ ಸದ್ದೂ ಸೇರಿದೆ, ಮೈಕು ದಿಂಬಿನ ಪಕ್ಕ ಇತ್ತು, ಅದಕ್ಕೇ ಹೀಗೆ ಕೇಳಿಸುತ್ತಿದೆ ಎಂದು ಅವಳು ಹೇಳಿದಳು. ಆಮೇಲೆ, ಹದಿನಾಲ್ಕನೇ ನಿಮಿಷಕ್ಕೆ ಹೋಗು, ನನ್ನ ಕೈಯಿಂದ ಬಾಬಿನ್ ಕೇಸ್ ಬೀಳುತ್ತೆ, ಅಪ್ಪ ಎಚ್ಚರ ಆಗದೆ ಮಗ್ಗುಲು ಬದಲಿಸ್ತಾರೆ ಎಂದಳು. ರೈಟರ್ ಅವರು ಅಲ್ಲಿಗೆ ಹಾಕಿದರು. 14 ನಿಮಿಷ 20 ಸೆಕೆಂಡಿಗೆ ಕಬ್ಬಿಣದ ಚೂರೊಂದು ನೆಲಕ್ಕೆ ಬಿದ್ದು ಉರುಳಿದ ಸದ್ದು ಬಂತು. ಗರಗರ ಅರೆಕ್ಷಣ ನಿಂತಿತು. ಮಂಚ ಕಿರುಗುಟ್ಟಿತು. ಮತ್ತೆ ಶುರುವಾಯಿತು.

ಆ ಎರಡು ಭಾನುವಾರ ಮಾತ್ರೆಯ ಮಂಪರಿನಲ್ಲಿ ತಂದೆಯವರು ಏನೂ ಹೇಳದೆ ನಿದ್ದೆ ಹೋಗಿದ್ದರಂತೆ. ಮತ್ತೆ ಯಾಕೆ ರೆಕಾರ್ಡ್ ಮಾಡಿಕೊಂಡಿರಿ ಎಂದು ಮೇಡಂ ಅವರು ಕೇಳಿದ್ದಕ್ಕೆ ಅಕ್ಕ, "ನಿಲ್ಸೋಕೆ ಮನಸ್ಸು ಬರ್ಲಿಲ್ಲ" ಎಂದಳು.

ಒಂದು ಮಾತನ್ನು ನಾನೇ ಕೇಳಿ ಬರೆಸುತ್ತಿದ್ದೇನೆ. ನನ್ನ ತಂದೆಯವರ ಗೊರಕೆ ನನಗೆ ಗುರುತು ಸಿಗಲಿಲ್ಲ, ಏಕೆಂದರೆ ಅವರು ನಿದ್ದೆ ಹೋಗುವವರೆಗೆ ನಾನು ಯಾವತ್ತೂ ಕೂತವನಲ್ಲ. ಕೂತವಳು ಅವಳು. ಇದನ್ನು ಅವಳೆದುರೇ ಹೇಳಿದ್ದೇನೆ. ಆಗ ಅವಳು ಅತ್ತಳು, ನಾನೂ ಅತ್ತೆನು. ಭಾವನವರು ಮೂಗು ಒರೆಸಿಕೊಂಡು ಠಾಣೆಯಲ್ಲಿ ಧೂಳು ಜಾಸ್ತಿ ಎಂದರು.

2.50ಕ್ಕೆ ಅಕ್ಕ ದೂರನ್ನು ಹಿಂತೆಗೆದುಕೊಂಡಳು. ಪೆಟ್ಟಿಗೆ ಅವಳ ಬಳಿಯೇ ಇರತಕ್ಕದ್ದು, ಆದರೆ ಅಟ್ಟದಲ್ಲಲ್ಲ, ಅಲ್ಲಿ ಕಾವು ಹೆಚ್ಚು. ಅಂಗಡಿಯಲ್ಲಿ ತಂದೆಯವರ ಕೆಲಸದ ಮೇಜಿನ ಮೇಲಿನ ಹಲಗೆಯಲ್ಲಿ, ದೀಪ ಕಾಣುವಂತೆ ಇಡತಕ್ಕದ್ದು ಎಂದು ಅವಳು ಷರತ್ತು ಹಾಕಿದ್ದಾಳೆ. ನಾನು ಒಪ್ಪಿದ್ದೇನೆ. ಇನ್ನು ಮುಂದೆ ಪರದೆಯ ಮೇಲೆ ಬರುವ ಯಾವ ಪ್ರಶ್ನೆಗೂ ಅವಳಿಗೆ ಓದಿ ಹೇಳದೆ ಹೌದು ಎಂದು ಒತ್ತುವುದಿಲ್ಲವೆಂದು ಬರೆದುಕೊಟ್ಟಿದ್ದೇನೆ.

ರೈಟರ್ ಅವರು ಎಲ್ಲವನ್ನೂ ಓದಿ ಹೇಳಿದರು, ನಾನು ಹೇಳಿದಂತೆಯೇ ಇದೆ. ತಿದ್ದುಪಡಿ ಎರಡು. ಹಿತ್ತಿಲ ಪೈಪು ಹತ್ತಿದೆನು, ಭಾವನವರಿಗೆ ಏನೂ ಗೊತ್ತಿಲ್ಲ ಎಂಬುದು ಸುಳ್ಳು, ಹೊಡೆದುಹಾಕಿದೆ. ಒಂಬತ್ತು ಸಿಕ್ಕಿವೆ, ಎರಡು ಹೋದವು ಎಂಬುದನ್ನೂ ಹೊಡೆದು, ಹನ್ನೊಂದೂ ಇವೆ ಎಂದು ಮೇಲೆ ಬರೆಸಿ, ಪಕ್ಕದಲ್ಲಿ ನಾನು ಸಹಿ ಹಾಕಿದ್ದೇನೆ. ಅಕ್ಕನೂ ಹಾಕಿದ್ದಾಳೆ.

ಮುಂದೆ ವಿಚಾರಣೆಗೆ ಕರೆದಾಗ ಬರಲು ಸಿದ್ಧನಿದ್ದೇನೆ. ಭಾನುವಾರ ಮಧ್ಯಾಹ್ನ 2ರಿಂದ 4ರವರೆಗೆ ಮಾತ್ರ ಬರಲಾಗುವುದಿಲ್ಲ. ಅಂಗಡಿಗೆ ಬಾ, ಮೊದಲನೇದರಿಂದ ಕೂತು ಕೇಳೋಣ ಎಂದು ಅಕ್ಕ ಹೇಳಿದ್ದಾಳೆ. ಈ ಅಡಚಣೆ ಇನ್ನು ಹನ್ನೊಂದು ವಾರ ಇರುತ್ತದೆ.

ಸ್ಥಳ: ಠಾಣೆ, ರೈಟರ್ ಅವರ ಮೇಜು
ದಿನಾಂಕ: ಈ ತಿಂಗಳ 14, ಬುಧವಾರ, ಮಧ್ಯಾಹ್ನ 3.40
ಹೇಳಿಕೆ ಕೊಟ್ಟವನ ಸಹಿ: (ಪುಟ್ಟ)
ಸಾಕ್ಷಿ: (ಅಕ್ಕ)